ಬಾಡಿಗೆ ಕೊಡುವ ಮಗಳು

ವಕೀಲೆ ಶೀತಲ ಆ ಕಾಗದವನ್ನು ಮೊದಲು ನೇರವಾಗಿ ಹಿಡಿದರು, ಆಮೇಲೆ ತಿರುಗಿಸಿ ಹಿಡಿದರು, ಕೊನೆಗೆ ಕಿಟಕಿಯ ಬೆಳಕಿಗೆ ಹಿಡಿದರು. ಹೇಗೆ ಹಿಡಿದರೂ ಅದು ಲೀಸಿನ ಪತ್ರದಂತೆ ಕಾಣಲಿಲ್ಲ. ಛಾಪಾ ಕಾಗದವೇನೋ ಹೌದು. ಮೇಲೆ ಸರ್ಕಾರದ ಮುದ್ರೆ ಇತ್ತು, ಕೆಳಗೆ ಸಹಿಗಳಿದ್ದವು. ಆದರೆ ಎಡಗಡೆ ಅರ್ಧ ಚಂದ್ರನಷ್ಟು ಜಾಗ ಮಾಯವಾಗಿತ್ತು, ಬಲಗಡೆಯ ಮೂಲೆ ಓರೆಯಾಗಿ ಹಾರಿಹೋಗಿತ್ತು. ಹಿಂದಿನ ಮಗ್ಗುಲಲ್ಲಿ ನೀಲಿ ಪೆನ್ಸಿಲಿನಲ್ಲಿ ಒಂದು ಸಾಲು. ಆಮೇಲೆ ಸೇರಿಸಿದ ಶರತ್ತು ಇರಬೇಕೆಂದು ಅವರು ಗಟ್ಟಿಯಾಗಿಯೇ ಓದಿದರು:

"ಇಂದ್ರವ್ವ. ನಡಾ ನಾಲ್ವತ್ತೆರಡು. ಇನ್ನೂ ದಪ್ಪ ಆಗ್ತಾಳ, ಒಳಗ ಬಟ್ಟಿ ಬಿಡಬೇಕು."

ಹೊಲದ ಬದುವಿನ ತಕರಾರು ಹಿಡಿದುಕೊಂಡು ಬಂದು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿದ್ದ ಇಂದ್ರವ್ವ ತಲೆ ಎತ್ತಿದಳು. ಬೆಂಚಿನ ಮೇಲಿದ್ದ ಉಳಿದವರು ಅವಳ ನಡುವಿನ ಕಡೆ ನೋಡಿ, ನೋಡಬಾರದಿತ್ತು ಎಂದು ಸೂರಿನ ಕಡೆ ನೋಡಿದರು.

"ಏನs ತಂಗೆವ್ವಾ," ಎಂದಳು ಇಂದ್ರವ್ವ, "ನನ್ನ ನಡಾ ಕೋರ್ಟಿಗೆ ತಂದಿ?"

"ಅದು ಹಳೇ ಅಳತಿ ಬಿಡವಾ," ಎಂದಳು ಆ ಕಾಗದ ತಂದು ವಕೀಲರ ಎದುರು ಕೂತಿದ್ದ ತಂಗೆವ್ವ ಕೆಂಪಾಗಿ. "ಈಗ ನೀ ಸೊರಗೀದಿ."

ಇಂದ್ರವ್ವ ಸೊರಗಿರಲಿಲ್ಲ. ಆ ಮಾತು ಆ ಕೋಣೆಯಲ್ಲಿ ಯಾರಿಗೂ ಸಹಾಯ ಮಾಡಲಿಲ್ಲ.

ಬೈಲಹೊಂಗಲದಲ್ಲಿ ಕುಬಸ ಹೊಲಿಸುವ ಹೆಂಗಸರಿಗೆ ತಂಗೆವ್ವನ ಪರಿಚಯ ಬೇಕಿಲ್ಲ. ಅವಳಿಗೂ ಅವರ ಮುಖದ ಪರಿಚಯ ಬೇಕಿಲ್ಲ. ಬೆನ್ನು ನೋಡಿ ಹೆಸರು ಹೇಳುತ್ತಾಳೆ. ಖಣ ಕೈಗೆ ಬಂದರೆ ಮೊದಲು ಗಟ್ಟಿ ಕಾಗದದ ಮೇಲೆ ಬೆನ್ನು, ತೋಳು, ಮುಂಭಾಗ ಬೇರೆ ಬೇರೆ ಕತ್ತರಿಸಿ, ಅದನ್ನು ಬಟ್ಟೆಯ ಮೇಲಿಟ್ಟು ಗೆರೆ ಎಳೆಯುವುದು ಅವಳ ರೀತಿ. ಸುದ್ದಿಪತ್ರಿಕೆ ಮೆತ್ತಗೆ, ಮಡಿಚಿಕೊಳ್ಳುತ್ತದೆ. ಯಾವುದೋ ಮದುವೆ ಸುಗ್ಗಿಯಲ್ಲಿ, ಕಾಲಿಡಲು ಜಾಗವಿಲ್ಲದಂತೆ ಗಿರಾಕಿಗಳು ತುಂಬಿದ್ದ ದಿನ, ಟ್ರಂಕಿನ ತಳದಲ್ಲಿ ಒಳ್ಳೆಯ ದಪ್ಪ ಕಾಗದ ಸಿಕ್ಕಿತು. ಅಕ್ಷರವಿದ್ದ ಮಗ್ಗುಲು ಕೆಳಗಿತ್ತು, ಖಾಲಿ ಮಗ್ಗುಲು ಮೇಲಿತ್ತು. ತಂಗೆವ್ವನಿಗೆ ಕಾಗದ ಕಂಡಿತೇ ಹೊರತು ಪತ್ರ ಕಾಣಲಿಲ್ಲ. ಹೀಗೆ ಮನೆಯ ಜಾಗದ ಲೀಸು ಹೋಗಿ ಲೇಸು ಹಚ್ಚುವ ಕುಬಸದ ಅಳತೆಯಾಯಿತು. ಯಾರಿಗೆ ಲೇಸಾಯಿತೋ ಶಿವನೇ ಬಲ್ಲ.

"ಚಕ್ಕಬಂದಿ ಎಲ್ಲೈತ್ರಿ ಅಕ್ಕಾರ?" ಎಂದರು ಶೀತಲ. "ಉತ್ತರಕ್ಕ ರಸ್ತಾ, ಪೂರ್ವಕ್ಕ ಮತ್ತೊಬ್ಬರ ಮನಿ ಅಂತ ಐತಿ. ದಕ್ಷಿಣ ಇಲ್ಲ."

"ದಕ್ಷಿಣ ಕೊಳ್ಳಾಗ ಹೋಗೇತ್ರಿ ಮೇಡಂ. ಆಕೀಗೆ ಕುಬಸದ ಕೊಳ್ಳ ಅಗಲ ಬೇಕಾಗಿತ್ತು."

ಶೀತಲ ಹೆಸರಿಗೆ ತಕ್ಕ ಹಾಗೆ ತಣ್ಣಗಿನ ಹೆಂಗಸು. ನಗು ಬಂದರೂ ಒಳಗೇ ಹೊಲಿಗೆ ಹಾಕಿಕೊಳ್ಳುತ್ತಾರೆ. ಕಾಗದವನ್ನು ಮಡಿಚಿಟ್ಟು, ಬೆರಳು ಮಡಿಚಿ ಹೇಳತೊಡಗಿದರು. ಮೊದಲು ಉಪನೋಂದಣಿ ಕಚೇರಿಯಿಂದ ಈ ಪತ್ರದ ದೃಢೀಕರಿಸಿದ ನಕಲು ತರಿಸಬೇಕು. ಆಮೇಲೆ ಜಾಗದ ಮೇಲೆ ಯಾರದಾದರೂ ಸಾಲ, ಬೋಜಾ ಇದೆಯೇ ಎಂದು ತಿಳಿಯಲು ಋಣಭಾರ ಪತ್ರ. ಜಾಗ ಕೊಟ್ಟ ಮಾಲಕರು ತೀರಿಕೊಂಡಿರುವುದರಿಂದ ಅವರ ವಂಶಾವಳಿ. ಅದರಲ್ಲಿ ಯಾರ ಯಾರ ಹೆಸರಿದೆಯೋ ಅವರೆಲ್ಲರ ಒಪ್ಪಿಗೆ. ಆಮೇಲೆ ಅವಧಿ ವಿಸ್ತರಣೆಯ ಕರಡು, ಸ್ಟ್ಯಾಂಪು, ನೋಂದಣಿ.

"ಇದ್ದ ಮನ್ಯಾಗ ಇದ್ದಂಗ ಇರಾಕ ಇಷ್ಟೆಲ್ಲಾ ಮಾಡಬೇಕೇನ್ರಿ?"

"ಇದ್ದಂಗ ಇದ್ರ ದಸರಾ ಮಟಾ ಇರತೀರಿ. ಆಮ್ಯಾಲ ಮುದತ್ ಮುಗೀತು. ಜಾಗಾ ಅವರದು, ಅದರ ಮ್ಯಾಲಿನ ಮನಿ ನಿಮ್ಮದು. ಅವರು ಜಾಗಾ ಬಿಡ್ರಿ ಅಂದ್ರ ಮನಿ ಹೆಗಲ ಮ್ಯಾಲ ಹೊತಗೊಂಡು ಹೋಗತೀರೇನು?"

ತಂಗೆವ್ವ ಇದನ್ನು ತನ್ನ ಭಾಷೆಗೆ ತಂದುಕೊಂಡಳು. ಕುಬಸ ಬಿಗಿಯಾಗಿದೆ, ಹೊಲಿಗೆ ಬಿಚ್ಚಿ ಒಳಗೆ ಬಿಟ್ಟ ಬಟ್ಟೆಯನ್ನು ಹೊರಗೆ ತರಬೇಕು. ಅಷ್ಟೇ ತಾನೇ? ಆದರೆ ಈ ಹೊಲಿಗೆಯನ್ನು ಬಿಚ್ಚಲು ಸರ್ಕಾರದ ಕತ್ತರಿಯೇ ಬೇಕು.

ಮನೆಯಲ್ಲಿ ಗಂಡ ನಿಜಗುಣಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಅರಳೆ ಮಿಲ್ಲಿನಲ್ಲಿ ಹತ್ತಿ ತೂಗಿ ತೂಗಿ ಅವನಿಗೆ ಮಾತನ್ನೂ ತೂಗಿಯೇ ಕೊಡುವ ಅಭ್ಯಾಸ. ಮುಳ್ಳು ನಿಂತ ಮೇಲೆ ಹೇಳಿದ:

"ನೋಟರಿ ಕಡೆ ಹನ್ನೊಂದು ತಿಂಗಳದ್ದು ಒಂದು ಕಾಗದ ಮಾಡಿಸಿದ್ರ ಆತು. ಸ್ವಸ್ತ, ಖರ್ಚು ಕಡಿಮಿ."

"ಕೇಳಿ ಬಂದೇನ್ರಿ. ಹಂಗ ಮಾಡಿದ್ರ ಹನ್ನೊಂದು ತಿಂಗಳಿಗೊಮ್ಮೆ ಮನಿ ಹೋಗತೈತೋ ಉಳೀತೈತೋ ಅಂತ ಎದಿ ಹಿಡಕೊಂಡು ಕುಂಡ್ರಬೇಕು. ವರ್ಷದ ಮ್ಯಾಲಿನ ಲೀಸು ಅಂದ್ರ ನೋಂದಣಿ ಆಗಾಕs ಬೇಕಂತ. ಮೂವತ್ತು ವರ್ಷ ದಾಟಿದ್ರ ಸ್ಟ್ಯಾಂಪು ಖರೀದಿ ಪತ್ರದ ಹಂಗ ಬೀಳತೈತಿ, ಅದಕ್ಕ ಮೂವತ್ತರ ಒಳಗ ಮಾಡೂಣು ಅಂದಾರ ಮೇಡಂ."

"ಖರ್ಚು ಯಾರದು?"

"ಬೇಕಾದವರದು. ಅಂದ್ರ ನಮ್ಮದು. ಸ್ಟ್ಯಾಂಪು, ನೋಂದಣಿ ಫೀ, ಸ್ಕ್ಯಾನಿಂಗು, ವಕೀಲರ ಫೀ, ಟೈಪು. ಚಹಾ ಬ್ಯಾರೆ."

"ಚಹಾ ಬ್ಯಾಡ," ಎಂದ ನಿಜಗುಣಪ್ಪ. ಖರ್ಚಿನ ಪಟ್ಟಿಯಲ್ಲಿ ಅವನ ಕೈಗೆ ಸಿಕ್ಕಿದ್ದು ಅದೊಂದೇ.

ಜಾಗ ದೊಡವಾಡದ ಬಸಲಿಂಗಪ್ಪನದು. ಅದು ಅವನಿಗೆ ತಾಯಿಯ ಕಡೆಯಿಂದ ಬಂದದ್ದು. ಮಾರುವುದಿಲ್ಲ ಎಂದು ತಾಯಿಗೆ ಮಾತು ಕೊಟ್ಟಿದ್ದ. ವರ್ಷ ವರ್ಷವೂ ಅವನ ಹತ್ತಿಯನ್ನು ನಿಜಗುಣಪ್ಪ ತೂಗುತ್ತಿದ್ದ. ಒಂದು ಮುಷ್ಟಿಯೂ ಅತ್ತಿತ್ತ ಆಗದ್ದನ್ನು ನೋಡಿ, "ಖುಲ್ಲಾ ಬಿದ್ದೈತಿ, ಮನಿ ಕಟಗೊಂಡು ಇರ್ರಿ" ಎಂದು ಇಪ್ಪತ್ತು ವರ್ಷಕ್ಕೆ ಬರೆದುಕೊಟ್ಟ. ವರ್ಷಕ್ಕೊಮ್ಮೆ ಬಾಡಿಗೆ.

ಮೊದಲ ವರ್ಷದ ಬಾಡಿಗೆ ಕೊಡಲು ತಂಗೆವ್ವ ದೊಡವಾಡಕ್ಕೆ ಹೋದ ದಿನ ಪಂಚಮಿ ಇತ್ತು. ಅವಳ ತವರು ಸಂಗೊಳ್ಳಿ. ತಂದೆ ತಾಯಿ ಬೇಗ ಹೋದರು, ಅಣ್ಣ ತಮ್ಮ ಇಲ್ಲ, ಆ ಬಾಗಿಲು ಮುಚ್ಚಿತ್ತು. ಬಸಲಿಂಗಪ್ಪನ ಹೆಂಡತಿ ಗುರವ್ವ ಬಾಡಿಗೆ ತಂದವಳನ್ನು ಮೇಲಿಂದ ಕೆಳಗೆ ನೋಡಿದಳು.

"ಪಂಚಮಿ ದಿನ ಬಾಡಿಗಿ ಕೊಡಾಕ ಬರೋದೇನs ಹುಡುಗಿ? ತವರಮನಿಗೆ ಹೋಗಲಿಲ್ಲೇನು?"

"ಅಲ್ಲಿ ಯಾರೂ ಇಲ್ರಿ."

ಗುರವ್ವನಿಗೆ ಒಬ್ಬ ಮಗ ಕಲ್ಮೇಶ ಬಿಟ್ಟರೆ ಹೆಣ್ಣುಮಕ್ಕಳಿರಲಿಲ್ಲ. ಮನೆಯಲ್ಲಿ ಜೋಕಾಲಿ ಕಟ್ಟಿದ್ದರೂ ಕೂತು ಜೀಕುವವರಿರಲಿಲ್ಲ. ಅವಳು ಮಾತಾಡದೆ ತಂಗೆವ್ವನ ಕೈ ಹಿಡಿದು ಜೋಕಾಲಿಯ ಮೇಲೆ ಕೂರಿಸಿದಳು. ಸಂಜೆ ಉಂಡಿ ಕಟ್ಟಿಕೊಟ್ಟು, ಉಡಿ ತುಂಬಿ, ಒಂದು ಸೀರೆ ಕೊಟ್ಟಳು. ಆ ಸೀರೆಯ ಬೆಲೆ ಬಾಡಿಗೆಗಿಂತ ಹೆಚ್ಚಿತ್ತು.

ಮುಂದಿನ ವರ್ಷವೂ ಹಾಗೇ, ಅದರ ಮುಂದಿನ ವರ್ಷವೂ ಹಾಗೇ. ಪಂಚಮಿಗೆ ತಂಗೆವ್ವ ಬಾಡಿಗೆ ಹಿಡಿದು ಹೋಗುವಳು, ಸೀರೆ ಹಿಡಿದು ಬರುವಳು. ಬಸಲಿಂಗಪ್ಪ ಒಮ್ಮೆ ಕಟ್ಟೆಯ ಮೇಲೆ ಕೂತವರ ಮುಂದೆ, "ಬಾಡಿಗಿ ಕೊಡೋರು ಅವರೋ, ನಾನೋ ಒಂದೂ ತಿಳೀವಲ್ದು" ಎಂದಿದ್ದನಂತೆ. ಆದರೂ ಒಂದು ವರ್ಷವೂ ನಿಲ್ಲಿಸಲಿಲ್ಲ. ಅವನು ತೀರಿಕೊಂಡ ಮೇಲೆ ಗುರವ್ವ ನಿಲ್ಲಿಸಲಿಲ್ಲ. ಕಲ್ಮೇಶನೂ ತಂಗೆವ್ವನನ್ನು "ತಂಗಿ" ಎಂದೇ ಕರೆದ. ಅವಳ ಹೆಸರಿನಲ್ಲೇ ಅದು ಅರ್ಧ ಇತ್ತು, ಉಳಿದರ್ಧಕ್ಕೆ ಅವನು ಖರ್ಚು ಮಾಡಬೇಕಾಗಲಿಲ್ಲ.

ಅವಧಿ ವಿಸ್ತರಿಸುವ ಮಾತು ತೆಗೆದಾಗ ಕಲ್ಮೇಶ ಎರಡನೇ ಮಾತು ಆಡಲಿಲ್ಲ. "ಬರಸಗೋವಾ ತಂಗಿ. ಎಲ್ಲಿ ಸಹಿ ಮಾಡು ಅಂತಿ, ಅಲ್ಲಿ ಮಾಡತೇನಿ" ಎಂದ. ವಂಶಾವಳಿಗೆ ಅರ್ಜಿ ಹಾಕಿ, ಹತ್ತಿ ಬೀಜ ತರಲು ಸವದತ್ತಿಗೆ ಹೋದ. ತಪ್ಪು ಆದದ್ದು ಆ ದಿನವೇ.

ಊರಿನ ಲೆಕ್ಕಿಗರಾದ ತಲಾಟಿಯವರು ಪಂಚನಾಮೆಗೆ ದೊಡವಾಡದ ಮನೆಗೆ ಬಂದರು. ಓಣಿಯ ಹಿರಿಯ ಮಡಿವಾಳೆಪ್ಪ ಪಂಚನಾಗಿ ಬಂದು ಕೂತ. ತಲಾಟಿ ಗುರವ್ವನನ್ನು ಕೇಳಿದರು:

"ಗಂಡಮಕ್ಕಳು ಎಷ್ಟು ಮಂದಿ ಯವ್ವಾ?"

"ಒಬ್ಬಾಂವ. ಕಲ್ಮೇಶ."

"ಹೆಣ್ಣಮಕ್ಕಳು?"

ಈ ಪ್ರಶ್ನೆಗೆ ಗುರವ್ವ ವರ್ಷಗಳಿಂದ ಯಾವ ಉತ್ತರ ಕೊಡುತ್ತಿದ್ದಳೋ ಅದನ್ನೇ ಕೊಟ್ಟಳು. ಬಸ್ಸಿನಲ್ಲಿ ಪಕ್ಕ ಕೂತವರಿಗೂ, ಮದುವೆಯಲ್ಲಿ ಸಿಕ್ಕ ಹೊಸಬರಿಗೂ ಹೇಳುವ ಉತ್ತರ.

"ಒಬ್ಬಾಕಿ. ತಂಗೆವ್ವ. ಬೈಲಹೊಂಗಲಕ್ಕ ಕೊಟ್ಟೇವಿ."

ತಲಾಟಿ ಪದ್ಧತಿಯಂತೆ ಪಂಚನ ಕಡೆ ನೋಡಿದರು. ಮಡಿವಾಳೆಪ್ಪ ಪ್ರತಿ ಪಂಚಮಿಗೆ ಬಸ್ಸಿನಿಂದ ಇಳಿದು ಈ ಮನೆಗೆ ಬರುವ ತಂಗೆವ್ವನನ್ನು ಕಂಡವನು. ಕಾಣದ್ದನ್ನೂ ಅವನು ಬಿಡಲಿಲ್ಲ.

"ಹೌದು ಹೌದು. ಆಕೀ ಮದುವ್ಯಾಗ ನಾನs ನಿಂತು ಊಟಕ್ಕ ನೀಡೇನಿ. ಗೋದಿ ಹುಗ್ಗಿ ಮಾಡಿದ್ರು."

ತಂಗೆವ್ವನ ಮದುವೆ ಸಂಗೊಳ್ಳಿಯಲ್ಲಿ ಆಗಿತ್ತು, ಊಟಕ್ಕೆ ಬುಂದೆ ಇತ್ತು. ಆದರೆ ಹುಗ್ಗಿಯನ್ನೇ ಸಾಕ್ಷಿಯಾಗಿ ತಂದವನ ಮಾತನ್ನು ಯಾರು ತೆಗೆದುಹಾಕುತ್ತಾರೆ? ಕೆಲವು ದಿನಗಳಲ್ಲಿ ವಂಶಾವಳಿ ಸಿದ್ಧವಾಗಿ ಬಂತು. ಗುರವ್ವನ ಕೆಳಗೆ, ಕಲ್ಮೇಶನ ಮೇಲೆ, ಬಸಲಿಂಗಪ್ಪನ ಮಗಳಾಗಿ ತಂಗೆವ್ವ ಕೂತಿದ್ದಳು.

ಶೀತಲ ಅದನ್ನು ಓದಿ ಕನ್ನಡಕ ತೆಗೆದರು.

"ಅಕ್ಕಾರ, ಇದರ ಪ್ರಕಾರ ನಿಮಗ ಲೀಸು ಕೊಡೋರೊಳಗ ನೀವೂ ಒಬ್ಬರು. ನೀವs ನಿಮಗ ಜಾಗಾ ಕೊಟ್ಟು, ನೀವs ನಿಮ್ಮ ಕಡೆ ಬಾಡಿಗಿ ತಗೋಬೇಕು."

ತಂಗೆವ್ವ ಕಾಗದವನ್ನು ಕೈಗೆ ತೆಗೆದುಕೊಂಡು, ಮೇಲಿಂದ ಕೆಳಗೆ ಒಮ್ಮೆ ಓದಿದಳು. ಮುಖ ಗಂಟಿಕ್ಕಿತು.

"ತೆಗಸ್ರಿ ನನ್ನ ಹೆಸರು," ಎಂದಳು. "ಇವತ್ತs ತೆಗಸ್ರಿ."

"ಇದರಿಂದ ನೀವು ಮಗಳೇನೂ ಆಗೂದಿಲ್ರಿ. ತಪ್ಪು ತಪ್ಪs. ಆದರ ಇದು ಸರಿ ಆಗೂ ಮಟಾ ಲೀಸು ಮುಂದ ಹೋಗೂದಿಲ್ಲ."

ರಾತ್ರಿ ರೊಟ್ಟಿ ಮುರಿಯುತ್ತಾ ನಿಜಗುಣಪ್ಪ ಬಹಳ ಹೊತ್ತು ತೂಗಿದ.

"ನಾವೇನು ಬರೀರಿ ಅಂದಿಲ್ಲ. ಅವರಾಗೆ ಬರದಾರ. ದೊಡವಾಡದ ಎರೀಹೊಲ ಅಂದ್ರ ಸಾಮಾನ್ಯ ಅಲ್ಲ."

"ಹಂಗಾದ್ರ ನೀವು ಆ ಮನಿ ಅಳಿಯಾ ಆದ್ರಿ. ಹೋಗಿ ಕುಂಡ್ರ್ರಿ, ಎಣ್ಣಿ ಹಚ್ಚಿ ಎರೀತಾರ."

ಅವನು ಮುಳ್ಳನ್ನು ಮತ್ತೆ ಸೊನ್ನೆಗೆ ತಂದ.

ಆದರೆ ಓಣಿಯ ತಕ್ಕಡಿಗೆ ಸೊನ್ನೆಯೇ ಇರಲಿಲ್ಲ. ಕುಬಸ ಕೊಡಲು ಬಂದವರೆಲ್ಲ "ಪಾಲು ಬಿಡಬ್ಯಾಡs" ಎಂದು ಹೇಳಿಹೋದರು. ಆ ಮಾತು ಬಸ್ಸು ಹತ್ತಿ ತಂಗೆವ್ವನಿಗಿಂತ ಮೊದಲೇ ದೊಡವಾಡ ಮುಟ್ಟಿತು. ಮರುದಿನ ಕಲ್ಮೇಶ ಬೈಕಿನ ಮೇಲೆ ಬಂದು ಅಂಗಳದಲ್ಲೇ ನಿಂತ. ಒಳಗೆ ಬಾ ಎಂದರೆ ಬರಲಿಲ್ಲ.

"ತಂಗೆವ್ವನವರ," ಎಂದ, "ಒಂದು ಮಾತು ಕೇಳಬೇಕಾಗಿತ್ರಿ."

ತಂಗೆವ್ವನ ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿತು. ಇಪ್ಪತ್ತು ವರ್ಷದಲ್ಲಿ ಈ ಬಾಯಿಂದ ಅವಳಿಗೆ ಒಂದು 'ರಿ' ಬಂದಿರಲಿಲ್ಲ. ವಕೀಲರ ನೋಟೀಸು ಬಂದಿದ್ದರೂ ಇಷ್ಟು ಚುರ್ ಎನ್ನುತ್ತಿರಲಿಲ್ಲ.

"ಕಲ್ಮೇಶಣ್ಣಾ, ಇದೇನು ಹಿಂಗ ಮಾತಾಡಾಕತ್ತಿ?"

"ನಾ ಸವದತ್ತಿಗೆ ಹೋದ ದಿನಾನs ಹೆಸರು ಸೇರೈತ್ರಿ. ಮಂದಿ ಏನೇನೋ ಅಂತಾರ. ಇದು ಸರಿ ಆಗೂ ಮಟಾ ನಾ ಯಾವುದಕ್ಕೂ ಸಹಿ ಮಾಡೂದಿಲ್ರಿ."

"ನಾ ನಿನ್ನ ಹೊಲ ತಿನ್ನಾಕ ಬಂದೇನು ಅನ್ಕೊಂಡಿ?"

"ನಾ ಏನೂ ಅನ್ಕೊಂಡಿಲ್ರಿ." ಅವನು ಬೈಕಿಗೆ ಕಿಕ್ ಹೊಡೆದ. ಅದು ಹತ್ತಲಿಲ್ಲ. ಮತ್ತೆ ಹೊಡೆದ, ಹತ್ತಲಿಲ್ಲ. ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಾ ಅದು ಹತ್ತುವ ತನಕ ಕಾಯಬೇಕಾಯಿತು.

ಸರಿ ಮಾಡಲು ದಾರಿ ಇತ್ತು. ತಿದ್ದುಪಡಿಗೆ ಅರ್ಜಿ, ಪ್ರಮಾಣಪತ್ರ, ತಂಗೆವ್ವನ ತಂದೆಯ ಹೆಸರಿರುವ ಶಾಲೆಯ ದಾಖಲೆ. ದಾಖಲೆಯನ್ನು ತಂಗೆವ್ವ ಮರುದಿನವೇ ಸಂಗೊಳ್ಳಿಗೆ ಹೋಗಿ ತಂದಳು; ಮದುವೆ ಮನೆಯ ಕುಬಸಕ್ಕೂ ಅವಳು ಅಷ್ಟು ಅವಸರ ಮಾಡಿದವಳಲ್ಲ. ಉಳಿದದ್ದು ಒಂದೇ. ತಂಗೆವ್ವ ನನ್ನ ಮಗಳಲ್ಲ ಎಂದು ಗುರವ್ವ ಹೇಳಿಕೆ ಕೊಡಬೇಕು.

ಗುರವ್ವ ಕೊಡಲಿಲ್ಲ.

ಕಲ್ಮೇಶ ಹೇಳಿದ, ಕೂಗಾಡಿದ, ಊಟ ಬಿಟ್ಟ. ಗುರವ್ವ ಅವನ ತಾಟನ್ನು ಮುಚ್ಚಿಟ್ಟಳು. ಶೀತಲ ಫೋನಿನಲ್ಲಿ ಕಾನೂನು ತಿಳಿಸಿದರು. ಅವಳು ಎಲ್ಲವನ್ನೂ ಕೇಳಿ, "ನಿನಗ ತಾಯಿ ಅದಾಳೇನವಾ?" ಎಂದು ವಿಚಾರಿಸಿ ಫೋನು ಇಟ್ಟಳು. ಶ್ರಾವಣ ಹತ್ತಿರವಾಯಿತು, ದಸರೆಯೂ ಅದರ ಹಿಂದೆಯೇ ಬರುತ್ತಿತ್ತು. ತಂಗೆವ್ವನೇ ದೊಡವಾಡದ ಬಸ್ಸು ಹತ್ತಿದಳು.

ಗುರವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಉಂಡಿಗೆ ಇರಬೇಕು.

"ಬಂದ್ಯಾ? ನೀನೂ ಅದನ್ನs ಹೇಳಾಕ ಬಂದೀದಿ. ಮಗಳಲ್ಲ ಅಂತ ಹೇಳಾಕ ನನಗ ಬಾಯಿ ಬರೂದಿಲ್ಲ ನೋಡು."

ತಂಗೆವ್ವ ಕೂತು, ತಾನೂ ಒಂದು ಹಿಡಿ ಶೇಂಗಾ ತೆಗೆದುಕೊಂಡಳು.

"ನಾ ಹೇಳ್ರಿ ಅಂತ ಎಲ್ಲಿ ಅಂದೆ ಯವ್ವಾ? ಮಗಳು ಅಂತನs ಹೇಳ್ರಿ. ಆದರ ಒಂದು ಮಾತು ಕೇಳತೇನಿ. ಮಗಳ ಕಡೆ ಯಾರರೆ ಬಾಡಿಗಿ ತಗೋತಾರೇನು?"

ಗುರವ್ವನ ಕೈ ನಿಂತಿತು.

"ಮಗಳ ಮನ್ಯಾಗ ನೀರು ಕುಡೀಬೇಕಾದ್ರೂ ಹಿಂದ ಮುಂದ ನೋಡೋ ಮಂದಿ ನಾವು," ಎಂದಳು ತಂಗೆವ್ವ ಸಿಪ್ಪೆ ಊದುತ್ತಾ. "ಇಪ್ಪತ್ತು ವರ್ಷ ಪಂಚಮಿಗೆ ಬಂದ ಮಗಳ ಕೈಯಾಗಿಂದ ಬಾಡಿಗಿ ಎಣಿಸಿಕೊಂಡಾರ ಅಂತ ಊರಾಗ ಗೊತ್ತಾತು ಅಂದ್ರ? ಅಪ್ಪಾರು ಹೋಗ್ಯಾರ, ಅವರ ಹೆಸರಿಗೆ ಮಾತು ಬರತೈತಿ. ಮಡಿವಾಳೆಪ್ಪ ಅಂತೂ ಪಾವತೀನೂ ಕಂಡೇನಿ ಅಂತಾನ."

ಗುರವ್ವ ಸುಲಿದ ಕಾಳನ್ನು ಅತ್ತ ಇತ್ತ ಸರಿಸಿದಳು. ಗಂಡನ ಹೆಸರು ಒಂದು ಕಡೆ, ಮಗಳು ಒಂದು ಕಡೆ.

"ಭಾಳ ಮಾತು ಕಲ್ತೀದಿ," ಎಂದಳು ಕೊನೆಗೆ. ಮೂಗು ಒರೆಸಿಕೊಂಡು ಒಳಗಿದ್ದ ಮಗನನ್ನು ಕೂಗಿದಳು. "ಏ ಕಲ್ಮೇಶಾ, ಎಲ್ಲಿ ಹೆಬ್ಬಟ್ಟು ಒತ್ತಬೇಕು ಹೇಳು. ಮಗಳಲ್ಲ ಅಂತ ಬರಕೋ. ಬಾಡಿಗಿ ಕೊಡಾಕಿ ಅಂತ ಬರಕೋ." ಆಮೇಲೆ ತಂಗೆವ್ವನ ಕಡೆ ತಿರುಗಿ, "ಕಾಗದದಾಗ ಅಷ್ಟs. ಪಂಚಮಿಗೆ ಬರದs ಇದ್ರ ಕಾಲು ಮುರೀತೇನಿ."

ಕಲ್ಮೇಶ ಒಳಗಿನಿಂದ ಎಲ್ಲವನ್ನೂ ಕೇಳಿದ್ದ. ಹೊರಗೆ ಬಂದು ಕಂಬಕ್ಕೆ ಆತುಕೊಂಡು ನಿಂತ. ಏನೋ ಹೇಳಬೇಕೆಂದು ಬಾಯಿ ತೆರೆದು, "ಚಹಾ ಕುಡೀತೀ ಏನವಾ ತಂಗಿ?" ಎಂದ. ಅವನಿಂದ ಅಷ್ಟೇ ಆದದ್ದು. ಅವಳಿಗೆ ಅಷ್ಟೇ ಬೇಕಾಗಿತ್ತು.

ತಿದ್ದಿದ ವಂಶಾವಳಿ ಬಂತು, ಕರಡು ಸಿದ್ಧವಾಯಿತು, ಸ್ಟ್ಯಾಂಪಿನ ಹಣ ಕಟ್ಟಿದ್ದಾಯಿತು. ಭಾದ್ರಪದದ ಒಂದು ಬೆಳಿಗ್ಗೆ ಎಲ್ಲರೂ ಬೈಲಹೊಂಗಲದ ಉಪನೋಂದಣಿ ಕಚೇರಿಯಲ್ಲಿ ಸೇರಿದರು. ಗುರವ್ವ ಹಬ್ಬದ ಸೀರೆ ಉಟ್ಟು ಬಂದಿದ್ದಳು. ಫೋಟೋ ತೆಗೆಯುತ್ತಾರೆಂದು ಯಾರೋ ಹೇಳಿದ್ದರು. ಎಲ್ಲರ ಬೆರಳಿನ ಗುರುತು ಆಯಿತು, ಫೋಟೋ ಆಯಿತು. ಕೊನೆಯ ಮುದ್ರೆ ಬೀಳುವ ಹೊತ್ತಿಗೆ ಸರ್ವರ್ ನಿಂತಿತು. ನಿಜಗುಣಪ್ಪ ತಾನಾಗಿಯೇ ಎದ್ದು ಹೋಗಿ ಎಲ್ಲರಿಗೂ ಚಹಾ ತಂದ. ಅದನ್ನು ಕಂಡು ತಂಗೆವ್ವ ಕ್ಷಣಕಾಲ ಗಾಬರಿಯಾದಳು.

ಅಂತೂ ಸರ್ವರ್ ಎದ್ದಿತು, ಮುದ್ರೆ ಬಿತ್ತು. ಇನ್ನು ಇಪ್ಪತ್ತೊಂಬತ್ತು ವರ್ಷ ಮನೆ ಇದ್ದಲ್ಲೇ ಇರುತ್ತದೆ. ಗುರವ್ವ ಅಲ್ಲೇ, ಸರ್ಕಾರಿ ಬೆಂಚಿನ ಮೇಲೆಯೇ, ತಂಗೆವ್ವನ ಉಡಿಗೆ ಒಂದು ತೆಂಗಿನಕಾಯಿ ಹಾಕಿದಳು. ಕಲ್ಮೇಶ ಟವೆಲಿನಿಂದ ಮುಖ ಒರೆಸಿಕೊಂಡ, ಸೆಕೆ ಇರಲಿಲ್ಲ.

ಇದನ್ನೆಲ್ಲ ನೋಡುತ್ತಿದ್ದ ಶೀತಲರಿಗೂ ತಣ್ಣಗಿರುವುದು ಆಗಲಿಲ್ಲ.

"ಅಕ್ಕಾರ, ಒಂದು ಕೇಳತೇನಿ, ಖರೇ ಹೇಳ್ರಿ. ನನ್ನ ಕಡೆ ಬರೋ ಮಂದಿ ಇಲ್ಲದ ಸಂಬಂಧ ಹುಡುಕಿ ಪಾಲು ಕೇಳತಾರ. ನಿಮಗ ಕುಂತಲ್ಲೇ ಬಂದಿತ್ತು. ಆ ಕಾಗದ ಓದಿದ ಕೂಡಲೇ, ಒಂದು ಕ್ಷಣಾನೂ ವಿಚಾರ ಮಾಡದs, ನನ್ನ ಹೆಸರು ತೆಗಸ್ರಿ ಅಂದ್ರೆಲ್ಲಾ, ಯಾಕ್ರಿ?"

ಗುರವ್ವ ಸೆರಗು ಕಣ್ಣಿಗೆ ಒಯ್ದಳು. ಕಲ್ಮೇಶ ಟವೆಲನ್ನು ಮತ್ತೆ ಎತ್ತಿದ. ನಿಜಗುಣಪ್ಪ ಹೆಂಡತಿಯ ಕಡೆ ಹೆಮ್ಮೆಯಿಂದ ನೋಡಿದ.

ತಂಗೆವ್ವ ಉಡಿಯ ತೆಂಗಿನಕಾಯಿ ಸರಿಮಾಡಿಕೊಂಡಳು.

"ಅದರಾಗ ನನ್ನ ವಯಸ್ಸು ಐವತ್ತಾರು ಅಂತ ಬರದಿದ್ರು ಮೇಡಂ," ಎಂದಳು. "ನನಗಿನ್ನೂ ನಾಲ್ವತ್ತೆಂಟs ತುಂಬಿಲ್ಲ."